ಅಕ್ಕನ ಕಂಕುಳು, ತಮ್ಮನ ಶಾಲೆ



ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ವಾರದಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಯಾವುದಾದರೂ ಬಡಾವಣೆಯಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿ. ರಾಜಾಜಿನಗರದ ಬ್ಲಾಕುಗಳಾಗಲಿ, ವಿಜಯನಗರದ ಅಡ್ಡರಸ್ತೆಗಳಾಗಲಿ, ಬಸವೇಶ್ವರನಗರವಾಗಲಿ, ಕೆಂಗೇರಿ ಉಪನಗರವಾಗಲಿ, ನೋಟ ಒಂದೇ. ಹೊಸ ಚೀಲ, ಹೊಸ ನೀರಿನ ಬಾಟಲಿ, ಅಂಗಿಗೆ ಪಿನ್ನು ಚುಚ್ಚಿದ ಕರವಸ್ತ್ರ. ಐದು ತುಂಬಿದ ಅಕ್ಕ ಯುಕೆಜಿಗೆ ಹೋಗುತ್ತಾಳೆ, ಮೂರು ತುಂಬಿದ ತಮ್ಮನಿಗೆ ನರ್ಸರಿಯಲ್ಲಿ ಮೊದಲ ದಿನ. ಗೇಟಿನವರೆಗೆ ಇಬ್ಬರೂ ಕೈ ಹಿಡಿದೇ ಬರುತ್ತಾರೆ. ಒಳಗೆ ಕಾಲಿಟ್ಟೊಡನೆ ಅಕ್ಕನ ಕೋಣೆ ಒಂದು ಕಡೆ, ತಮ್ಮನ ಕೋಣೆ ಇನ್ನೊಂದು ಕಡೆ. ಗೇಟಿನಲ್ಲಿ ಅಮ್ಮನನ್ನು ಬಿಡುವಾಗ ಒಮ್ಮೆ ಅತ್ತ ಮಗು ಈಗ ಅಕ್ಕನನ್ನು ಬಿಡಬೇಕಾಗಿ ಬಂದದ್ದಕ್ಕೆ ಮತ್ತೊಮ್ಮೆ ಅಳುತ್ತದೆ. ಈ ಎರಡನೆಯ ಅಳುವೇ ಜೋರು.

ಇದರಲ್ಲಿ ಇತಿಹಾಸವೇನು ಬಂತು ಎಂದು ನೀವು ಕೇಳಬಹುದು. ಪಠ್ಯಪುಸ್ತಕದ ಇತಿಹಾಸದಲ್ಲಿ ಮೂರು ವರ್ಷದ ಮಗುವಿಗೆ ಜಾಗವಿಲ್ಲ, ನಿಜ. ಆದರೆ ಆ ಮಗು ಹಗಲೆಲ್ಲ ಎಲ್ಲಿರಬೇಕು, ಯಾರು ಅದನ್ನು ನೋಡಿಕೊಳ್ಳಬೇಕು, ಅದರ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಬಹುಪಾಲು ಕಾಲಗಳಲ್ಲಿ ಆ ಬೆಲೆಯನ್ನು ತೆತ್ತವಳು ಏಳೆಂಟು ವರ್ಷದ ಒಬ್ಬ ಹುಡುಗಿ. ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಇಟ್ಟುಕೊಂಡು ಶಾಲೆಯ ಕಿಟಕಿಯ ಹೊರಗೆ ನಿಂತ ಹುಡುಗಿ. ಈ ಲೇಖನ ಅವಳನ್ನು ಹುಡುಕಿಕೊಂಡು ಹೋಗುತ್ತದೆ.

ಎರಡು ಶತಮಾನ ಹಿಂದಿನಿಂದ ಶುರುಮಾಡೋಣ. 1823ರ ಆಗಸ್ಟ್‌ನಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಊರ ಶಾಲೆಗಳ ಬಗ್ಗೆ ಮದರಾಸು ಸರ್ಕಾರಕ್ಕೆ ಒಂದು ವರದಿ ಕಳುಹಿಸಿದ. ಕನ್ನಡವೂ ತೆಲುಗೂ ಬೆರೆತ ನಾಡು ಅದು. ನಮ್ಮ ಹಿರಿಯರು ಕೂಲಿಮಠ, ಐಗಳ ಮಠ ಎಂದು ಕರೆಯುತ್ತಿದ್ದರಲ್ಲ, ಆ ಬಗೆಯ 533 ಶಾಲೆಗಳನ್ನು ಆತ ಎಣಿಸಿದ. ಓದುತ್ತಿದ್ದ ಮಕ್ಕಳು 6,641.

ಮಗುವಿಗೆ ಐದು ವರ್ಷವಾದಾಗ ಏನಾಗುತ್ತಿತ್ತು ಎಂಬುದನ್ನು ಕ್ಯಾಂಬೆಲ್ ವಿವರವಾಗಿ ಬರೆದಿದ್ದಾನೆ. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಗುರುಗಳನ್ನೂ ಅಲ್ಲಿ ಓದುತ್ತಿದ್ದ ಅಷ್ಟೂ ಮಕ್ಕಳನ್ನೂ ತಂದೆತಾಯಿ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮೂರ್ತಿಯ ಸುತ್ತ ಎಲ್ಲರೂ ಕೂರುತ್ತಿದ್ದರು. ಗುರುಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅಕ್ಷರಾಭ್ಯಾಸ ಇಂದಿಗೂ ನಮ್ಮಲ್ಲಿದೆ. ಆದರೆ ಮುಂದೆ ಜೊತೆಗೆ ಕೂರುವ ಹುಡುಗರು ಮನೆಗೇ ಬಂದು ಮುಖ ತೋರಿಸಿ ಹೋಗುತ್ತಿದ್ದರೆಂಬ ಭಾಗವನ್ನು ನಾವು ಮರೆತಿದ್ದೇವೆ. ಹೊಸ ಮಗುವಿಗೆ ಶಾಲೆಯ ಭಯ ಕಳೆಯುವ ಉಪಾಯಗಳಲ್ಲಿ ಇದಕ್ಕಿಂತ ಜಾಣತನದ್ದು ಇನ್ನೊಂದಿರಲಾರದು ಎಂದು ನನ್ನ ಎಣಿಕೆ.

ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸುವಂತಿಲ್ಲ. ಬೆಳಗಿನ ಆರಕ್ಕೆ ಮಠ ತೆರೆಯುತ್ತಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನ ಅಂಗೈ ಮೇಲೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಸೋಮಾರಿ ಹುಡುಗನ ಎರಡೂ ಕೈ ಕಟ್ಟಿ ಸೂರಿಗೆ ತೂಗಿಸುವ ಶಿಕ್ಷೆಯೂ ಇತ್ತು. ಇನ್ನು ಆ 6,641 ಮಕ್ಕಳಲ್ಲಿ ಹುಡುಗಿಯರು ಎಷ್ಟು ಗೊತ್ತೇ? ಅರವತ್ತು. ಅಕ್ಕ ಎಲ್ಲಿದ್ದಳು ಎಂದು ಈ ಒಂದು ಅಂಕಿಯೇ ಹೇಳುತ್ತದೆ. ಮನೆಯಲ್ಲಿದ್ದಳು.

ಆದರೂ ಆ ಮಠದಲ್ಲಿ ಒಂದು ಪದ್ಧತಿ ಇತ್ತು, ಅದು ಕ್ಯಾಂಬೆಲ್‌ಗೆ ಬಹಳ ಹಿಡಿಸಿತು. ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸುತ್ತಿರಲಿಲ್ಲ. ಐದರವನೂ ಹನ್ನೆರಡರವನೂ ಒಂದೇ ಜಗಲಿಯ ಮೇಲೆ. ದೊಡ್ಡವನು ಚಿಕ್ಕವನಿಗೆ ಹೇಳಿಕೊಡಬೇಕು. ಹೇಳಿಕೊಡುತ್ತಲೇ ತನ್ನ ಪಾಠವನ್ನು ಗಟ್ಟಿ ಮಾಡಿಕೊಳ್ಳಬೇಕು. ಅಣ್ಣ ತಮ್ಮಂದಿರು ಒಂದೇ ಮಠಕ್ಕೆ ಬಂದರೆ ಅಣ್ಣನೇ ತಮ್ಮನಿಗೆ ಮೊದಲ ಉಪಾಧ್ಯಾಯ. ಈ ಪದ್ಧತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ ಕಥೆ ರಸವತ್ತಾಗಿದೆ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯ ಉಪಾಧ್ಯಾಯರು ಇದೆಲ್ಲ ನಡೆಯದು ಎಂದು ಮುಖ ತಿರುಗಿಸಿದಾಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೇ ಚಿಕ್ಕವರ ತರಗತಿ ಒಪ್ಪಿಸಿದ. ಅದು ನಡೆಯಿತು. 1797ರಲ್ಲಿ ಲಂಡನ್ನಿನಲ್ಲಿ ಆತ ಪುಸ್ತಕ ಪ್ರಕಟಿಸಿದ ಮೇಲೆ ಮದರಾಸು ಪದ್ಧತಿ ಎಂಬ ಹೆಸರಿನಿಂದ ಅದು ಬ್ರಿಟನ್ನಿನಲ್ಲೆಲ್ಲ ಹರಡಿತು.

ವಿಚಿತ್ರವೆಂದರೆ, ನಮ್ಮಲ್ಲಿಂದ ಅದನ್ನು ಒಯ್ದವರೇ ಆಮೇಲೆ ನಮಗೆ ತಂದುಕೊಟ್ಟದ್ದು ಅದಕ್ಕೆ ವಿರುದ್ಧವಾದ ಏರ್ಪಾಡನ್ನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಇಲಾಖೆಯ ಶಾಲೆಗಳಲ್ಲಿ ವಯಸ್ಸಿಗೊಂದು ತರಗತಿ, ತರಗತಿಗೊಂದು ಕೋಣೆ, ಕೋಣೆಗೊಂದು ಪಠ್ಯ. ಪರೀಕ್ಷೆ ನಡೆಸುವುದಕ್ಕೂ ಇನ್‌ಸ್ಪೆಕ್ಟರು ಲೆಕ್ಕ ಹಾಕುವುದಕ್ಕೂ ಇದು ಸಲೀಸು. ನಮ್ಮ ನರ್ಸರಿಯ ತಮ್ಮ ಅಕ್ಕನಿಂದ ಬೇರೆಯಾಗಿ ಅಳುವುದು ಈ ಏರ್ಪಾಡಿನ ಬಾಗಿಲಲ್ಲಿ ನಿಂತುಕೊಂಡೇ.

ಈಗ ಇಡೀ ಹಗಲಿನ ವಿಷಯಕ್ಕೆ ಬರೋಣ. ತೀರ ಚಿಕ್ಕ ಮಕ್ಕಳಿಗೆ ಶಾಲೆ ಬೇಕೆನ್ನಿಸಿದ್ದು ಅಕ್ಷರ ಕಲಿಸುವುದಕ್ಕಲ್ಲ, ತಾಯಂದಿರು ಕಾರ್ಖಾನೆಗೆ ಹೋಗತೊಡಗಿದ್ದಕ್ಕೆ. 1816ರ ಜನವರಿಯಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ರಾಬರ್ಟ್ ಓವನ್ ತನ್ನ ಹತ್ತಿ ಗಿರಣಿಯ ಪಕ್ಕದಲ್ಲೇ ಶಿಶುಶಾಲೆ ತೆರೆದ. ಮಕ್ಕಳನ್ನು ಹೊಡೆಯಕೂಡದು, ಪುಸ್ತಕ ಹಿಡಿಸಿ ಪೀಡಿಸಕೂಡದು ಎಂಬುದು ಅಲ್ಲಿಯ ನಿಯಮ. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು, ಎಂದರೆ ಮಕ್ಕಳ ತೋಟ ಎಂಬುದನ್ನು, ಜರ್ಮನಿಯ ಫ್ರೋಬೆಲ್ ಇಟ್ಟದ್ದು 1840ರಲ್ಲಿ. 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮರಿಯಾ ಮಾಂಟೆಸ್ಸರಿ ತನ್ನ ಮೊದಲ ಮಕ್ಕಳ ಮನೆಯನ್ನು ಶುರುಮಾಡಿದಳು. ಅದಕ್ಕೆ ಕಾರಣವೂ ಇಂಥದೇ. ತಂದೆತಾಯಿ ಕೂಲಿಗೆ ಹೋದಾಗ ಮಕ್ಕಳು ವಠಾರದ ಮೆಟ್ಟಿಲು ಗೋಡೆಗಳನ್ನು ಹಾಳುಗೆಡವುತ್ತಿದ್ದವು. ಕಟ್ಟಡದ ಒಡೆಯರಿಗೆ ಅದನ್ನು ತಪ್ಪಿಸಬೇಕಿತ್ತು. ಶಾಲೆ ವಠಾರದೊಳಗೇ ಇತ್ತು. ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿದ್ದರು. ಅಕ್ಕನೂ ತಮ್ಮನೂ ಒಂದೇ ಚಾಪೆಯ ಮೇಲೆ. ಬಳ್ಳಾರಿಯ ಜಗಲಿ ರೋಮಿನಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತೆನ್ನಬಹುದು. 1939ರ ನವೆಂಬರಿನಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸ್ಸರಿ ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿಯಬೇಕಾಯಿತು. ನಮ್ಮ ಬಡಾವಣೆಗಳ ಬೋರ್ಡುಗಳ ಮೇಲೆ ಆಕೆಯ ಹೆಸರು ಇಷ್ಟೊಂದು ಕಡೆ ಕಾಣುವುದಕ್ಕೆ ಆ ಏಳು ವರ್ಷಗಳೂ ಒಂದು ಕಾರಣ. ಬೋರ್ಡಿನ ಕೆಳಗೆ ಆಕೆಯ ಪದ್ಧತಿ ಎಷ್ಟು ಉಳಿದಿದೆ ಎಂಬುದು ಬೇರೆ ಮಾತು.

ನಮ್ಮ ಪಶ್ಚಿಮ ಬೆಂಗಳೂರೂ ಗಿರಣಿಗಳ ನೆರಳಿನಲ್ಲಿ ಬೆಳೆದದ್ದೇ. 1884ರಲ್ಲಿ ಶುರುವಾಗಿ, ಆಮೇಲೆ ಬಿನ್ನಿ ಕಂಪನಿಯ ಕೈಗೆ ಬಂದ ಬಟ್ಟೆ ಗಿರಣಿ ಬಿನ್ನಿಪೇಟೆಗೆ ಹೆಸರು ಕೊಟ್ಟಿತು. ಗಿರಣಿ ಇಂದು ಇಲ್ಲ, ಪೇಟೆ ಇದೆ. ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿಯೇ ಹುಟ್ಟಿತು. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರು ಅದಕ್ಕೆ. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಇತ್ತ ಬಂತು. ಪೀಣ್ಯದ ಯಂತ್ರಗಳು, ಮೈಸೂರು ರಸ್ತೆಯ ಗಾರ್ಮೆಂಟ್ಸ್, ವಿಜಯನಗರ, ಬಸವೇಶ್ವರನಗರದ ಬಡಾವಣೆಗಳು ಆಮೇಲೆ ಬಂದವು. ಕೆಂಗೇರಿ ತನ್ನದೇ ಪುರಸಭೆಯಿದ್ದ ಊರು. 2007ರಲ್ಲಿ ಬೃಹತ್ ಬೆಂಗಳೂರಿನ ಒಳಗೆ ಸೇರಿತು.

ಗಿರಣಿಗೆ, ಗಾರ್ಮೆಂಟ್ಸಿಗೆ ಹೋಗುವ ತಾಯಿಯ ಮಗು ಎಲ್ಲಿರಬೇಕು? 1948ರ ಕಾರ್ಖಾನೆಗಳ ಕಾಯಿದೆಯ 48ನೆಯ ಕಲಮು ಇದಕ್ಕೆ ಉತ್ತರ ಕೊಟ್ಟಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಪಾಲನಾ ಕೋಣೆ ಇಡಬೇಕು. 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ಒಳ್ಳೆಯ ಕಾನೂನು. ಆದರೆ ಕಾರ್ಖಾನೆ ಎಂಬ ಪದದೊಳಗೆ ಬಾರದ ದುಡಿಮೆ ಎಷ್ಟಿದೆ ನೋಡಿ. ಮಾಗಡಿ ರಸ್ತೆಯ ಆಚೀಚೆ ಮನೆಮನೆಯಲ್ಲಿ ಊದುಬತ್ತಿ ಹೊಸೆದ ಹೆಂಗಸರಿಗೆ ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಮನೆಗೆಲಸಕ್ಕೆ ಹೋಗುವವರಿದ್ದಾರೆ, ಕಟ್ಟಡದ ಕೆಲಸದವರಿದ್ದಾರೆ. ಇವರ ಮಕ್ಕಳಿಗೆ ಆ ಕಲಮೂ ಇಲ್ಲ, ಆ ಕೋಣೆಯೂ ಇಲ್ಲ. ಅಲ್ಲಿ ಶಿಶುಪಾಲನಾ ಕೇಂದ್ರವೆಂದರೆ ಅಕ್ಕ. ಬೆಳಗ್ಗೆ ತಾಯಿ ಹೊರಟರೆ ಸಂಜೆಯವರೆಗೆ ಅವಳದು ಡ್ಯೂಟಿ. ಮೊದಮೊದಲು ಅವಳು ವಾರಕ್ಕೆ ಎರಡು ದಿನ ಶಾಲೆ ತಪ್ಪಿಸುತ್ತಾಳೆ, ಆಮೇಲೆ ನಾಲ್ಕು ದಿನ, ಕೊನೆಗೆ ಹಾಜರಿ ಪುಸ್ತಕದಿಂದ ಹೆಸರೇ ಹೋಗುತ್ತದೆ. ಅವಳು ಶಾಲೆ ಬಿಟ್ಟಳೆಂದು ಅಂಕಿಅಂಶದಲ್ಲಿ ಬರೆದರು. ಬಿಡಿಸಿದ್ದು ಕಂಕುಳಲ್ಲಿದ್ದ ಕೂಸು ಎಂದು ಬರೆಯಲು ಅಲ್ಲಿ ಕಾಲಮ್ಮೇ ಇರಲಿಲ್ಲ.

ಇದನ್ನು ಮೊದಲು ಕಣ್ಣು ಬಿಟ್ಟು ನೋಡಿದವರಲ್ಲಿ ತಾರಾಬಾಯಿ ಮೋಡಕ್ ಒಬ್ಬರು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕರ ಜೊತೆಯಲ್ಲಿ ದುಡಿದ ಆಕೆ, 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಗೆ ಬಂದರು. ಕರೆದರೂ ಮಕ್ಕಳು ಬಾಲವಾಡಿಗೆ ಬರುವುದಿಲ್ಲವೆಂದು ಕಂಡಾಗ ಬಾಲವಾಡಿಯನ್ನೇ ಆದಿವಾಸಿ ಮಕ್ಕಳ ಅಂಗಳಕ್ಕೆ ಕೊಂಡೊಯ್ದರು. ಅಂಗನವಾಡಿ ಎಂಬ ಮಾತಿನ ಬೇರು ಆ ಅಂಗಳದಲ್ಲಿದೆ. ಮುಂದೆ ಕೋಸಬಾಡದ ಗುಡ್ಡದ ಮೇಲೆ ಅನುತಾಯಿ ವಾಘ್ ಜೊತೆ ಸೇರಿ ಕೂಸುಗಳ ಕೋಣೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಸೇರಿಸಿ ವಿಕಾಸವಾಡಿ ನಡೆಸಿದರು. ಇದರ ಲೆಕ್ಕಾಚಾರ ಬಹಳ ಸರಳ. ಅಕ್ಕ ಕೂಸನ್ನು ಎತ್ತಿಕೊಂಡೇ ಬರಲಿ. ಕೂಸು ಒಂದು ಕೋಣೆಗೆ, ತಮ್ಮ ಇನ್ನೊಂದಕ್ಕೆ, ಅಕ್ಕ ಮೂರನೆಯದಕ್ಕೆ. ಕೈ ಖಾಲಿಯಾದ ಹುಡುಗಿಗೆ ಸ್ಲೇಟು ಹಿಡಿಯಲು ಅಡ್ಡಿಯಿಲ್ಲ.

ಸರ್ಕಾರದ ಅಂಗನವಾಡಿ ಬಂದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೊಂದಿಗೆ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ನೂರು ಕೇಂದ್ರಗಳಿಂದ ಆರಂಭ. ಮೂರರಿಂದ ಆರರವರೆಗಿನ ಮಕ್ಕಳು ಇಲ್ಲಿಯೂ ಒಂದೇ ಕೋಣೆಯಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರುವಂತಾಗಲು ಶಿಶುಪಾಲನಾ ಕೇಂದ್ರಗಳು ಬೇಕೆಂದು ಬಾಯಿಬಿಟ್ಟು ಹೇಳಿತು. ಅಕ್ಕನ ಸಮಸ್ಯೆಗೆ ಕೊನೆಗೂ ಸರ್ಕಾರದ ಕಾಗದದಲ್ಲಿ ಒಂದು ವಾಕ್ಯ ಸಿಕ್ಕಿತು. ಕಾಗದಕ್ಕೂ ಕೇರಿಗೂ ಇರುವ ದೂರ ನಿಮಗೆ ಗೊತ್ತೇ ಇದೆ.

ಇಡೀ ದಿನದ ಶಾಲೆಗೆ ಇನ್ನೊಂದು ತೊಡಕಿತ್ತು, ಮಧ್ಯಾಹ್ನದ ಊಟ. ಊಟಕ್ಕೆ ಮನೆಗೆ ಹೋದ ಮಗು ಮರಳಿ ಬರುವುದು ಅನುಮಾನ; ಮನೆಯಲ್ಲಿ ಅಡುಗೆ ಮಾಡುವವರು ಇಲ್ಲದಿದ್ದರೆ ಹೋಗಿಯೂ ಪ್ರಯೋಜನವಿಲ್ಲ. 2000ದಲ್ಲಿ ರಾಜಾಜಿನಗರದ ಇಸ್ಕಾನ್ ದೇವಸ್ಥಾನದ ಅಡುಗೆಮನೆಯಿಂದ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಹೋಗತೊಡಗಿತು. ಅಕ್ಷಯ ಪಾತ್ರೆಯ ಆರಂಭ ಅದು. 2002ರ ಜೂನಿನಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಸರ್ಕಾರದ ಅಕ್ಷರ ದಾಸೋಹ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಬಿಸಿಯೂಟದಿಂದ ಹಾಜರಿ ಹೆಚ್ಚುತ್ತದೆಂದು ನೀವು ಓದಿರುತ್ತೀರಿ. ಅದು ಮಧ್ಯಾಹ್ನದ ಮೇಲಿನ ಶಾಲೆಯನ್ನೂ ಉಳಿಸಿತು ಎಂಬುದನ್ನು ಸೇರಿಸಿಕೊಳ್ಳಿ.

ಸರಿ, ಊಟ ಸಿಕ್ಕಿತು, ಕೋಣೆ ಸಿಕ್ಕಿತು. ಅಳುವ ಮಗುವಿನ ಗತಿಯೇನು? ಇದನ್ನು ಶಾಸ್ತ್ರೀಯವಾಗಿ ನೋಡಿದವರೂ ಇದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಮನೆ ಕಳೆದುಕೊಂಡ ಮಕ್ಕಳಿಗಾಗಿ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಗೃಹಗಳನ್ನು ನಡೆಸಿದರು. ದೊಡ್ಡ ಗುಂಪಿನಲ್ಲಿ ಮಕ್ಕಳು ಬಾಡುತ್ತಿದ್ದುದನ್ನು ಕಂಡು ನಾಲ್ಕೈದು ಮಕ್ಕಳ ಪುಟ್ಟ ಕುಟುಂಬಗಳನ್ನಾಗಿ ಹಂಚಿ, ಒಂದೊಂದಕ್ಕೆ ಒಬ್ಬೊಬ್ಬ ತಾಯಿಯಂಥವಳನ್ನು ಗೊತ್ತುಮಾಡಿದರು. ಮೊದಲಿಗೆ ಗದ್ದಲ, ಹಠ, ಹೊಟ್ಟೆಕಿಚ್ಚು. ಆಮೇಲೆ ಮಕ್ಕಳು ಚೇತರಿಸಿಕೊಂಡವು. 1983ರಲ್ಲಿ ಅಮೆರಿಕದ ರಾಬರ್ಟ್ ಸ್ಟೀವರ್ಟ್ ಇನ್ನೊಂದು ಪ್ರಯೋಗ ಮಾಡಿದ. ತಾಯಿ ಕೋಣೆಯಿಂದ ಹೊರಗೆ ಹೋದಾಗ ನಾಲ್ಕು ವರ್ಷದ ಆಸುಪಾಸಿನ ಅಕ್ಕಂದಿರು ಅಣ್ಣಂದಿರು ಏನು ಮಾಡುತ್ತಾರೆಂದು ನೋಡಿದ. ಸುಮಾರು ಅರ್ಧದಷ್ಟು ಮಂದಿ ಅಳುವ ಕೂಸಿನ ಬಳಿ ಹೋಗಿ ಸಮಾಧಾನ ಮಾಡಿದರು. ಉಳಿದರ್ಧ ಮಾಡಲಿಲ್ಲ, ಅವರೂ ಮಕ್ಕಳೇ ತಾನೇ.

ಈ ಎರಡನೆಯ ಅರ್ಧದ ಕಡೆಗೆ ನಿಮ್ಮ ಗಮನ ಸೆಳೆಯಬೇಕು. ತಮ್ಮ ಅಳುತ್ತಾನೆಂದು ಅಕ್ಕನನ್ನು ಯುಕೆಜಿ ಕೋಣೆಯಿಂದ ದಿನಕ್ಕೆ ಮೂರು ಸಲ ಕರೆಸುವ ಶಾಲೆಗಳಿವೆ. ಕೆಲಸ ಆಗುತ್ತದೆ, ಮಗು ಸುಮ್ಮನಾಗುತ್ತದೆ. ಆದರೆ ಐದು ವರ್ಷದ ಹುಡುಗಿ ತನ್ನ ಪಾಠ, ತನ್ನ ಆಟ, ತನ್ನ ಗೆಳತಿಯನ್ನು ಬಿಟ್ಟೆದ್ದು ಬರಬೇಕು. ಮಾಗಡಿ ರಸ್ತೆಯ ಅಕ್ಕನ ಡ್ಯೂಟಿಯನ್ನು ಸಮವಸ್ತ್ರ ತೊಡಿಸಿ ಶಾಲೆಯೊಳಗೇ ಮುಂದುವರಿಸಿದಂತಾಯಿತು. ಒಂದೇ ಕೋಣೆಯಲ್ಲಿ ಮೂರರಿಂದ ಆರರವರೆಗಿನ ಮಕ್ಕಳು ಒಟ್ಟಿಗಿದ್ದರೆ ಅಕ್ಕನನ್ನು ಕರೆಸುವ ಅಗತ್ಯವೇ ಬೀಳುವುದಿಲ್ಲ. ಅವಳು ಅಲ್ಲೇ ಇರುತ್ತಾಳೆ, ಕಣ್ಣಿಗೆ ಕಾಣುತ್ತಾಳೆ, ತಮ್ಮನಿಗೆ ಅಷ್ಟು ಸಾಕು. ಈ ಒಂದು ವಿಷಯದಲ್ಲಿ ಸಾವಿರಾರು ರೂಪಾಯಿ ಶುಲ್ಕದ ನರ್ಸರಿಗಿಂತ ಕೇರಿಯ ಅಂಗನವಾಡಿ ಮೇಲು ಎಂದು ನಾನು ಹೇಳುತ್ತೇನೆ. ಒಪ್ಪದವರು ವಾದಿಸಬಹುದು.

ಈಚಿನ ಬದಲಾವಣೆಗಳನ್ನೂ ಬೇಗ ನೋಡಿಬಿಡೋಣ. ನರ್ಸರಿ ಪ್ರವೇಶಕ್ಕೆ ಮಕ್ಕಳಿಗೆ ಪರೀಕ್ಷೆ, ಸಂದರ್ಶನ ಮಾಡಕೂಡದೆಂದು ಯಶಪಾಲ್ ಸಮಿತಿ 1993ರಲ್ಲೇ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಹಕ್ಕು ಕೊಟ್ಟಿತು; ಮೂರರಿಂದ ಆರರವರಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎಂದಿತು. ಮಾಡಬೇಕು ಎಂಬುದಕ್ಕೂ ಮಾಡಬಹುದು ಎಂಬುದಕ್ಕೂ ನಡುವೆ ನಮ್ಮ ತಮ್ಮ ನಿಂತಿದ್ದಾನೆ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿಗಳನ್ನಾಗಿ ಮಾಡುವ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಿತು. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಯೋಚನೆಯನ್ನು ಅದೇ ವರ್ಷ ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಮಕ್ಕಳು ಅತ್ತ ಹೋದರೆ ಅಂಗನವಾಡಿ ಖಾಲಿಯಾಗುತ್ತದೆ ಎಂಬುದು ಅವರ ಆತಂಕ. ಒಂದನೆಯ ತರಗತಿಗೆ ಪೂರ್ತಿ ಆರು ವರ್ಷವಾಗಿರಬೇಕೆಂಬ ನಿಯಮ 2025–26ರಿಂದ ಜಾರಿಗೆ ಬರಬೇಕಿದ್ದಾಗ, ಪೋಷಕರ ಒತ್ತಾಯದ ಮೇಲೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು.

ವಯಸ್ಸಿನ ಈ ತಿಂಗಳ ಲೆಕ್ಕ ಕೇಳಿದರೆ ಹಳೆಯ ಮೇಷ್ಟರುಗಳು ನಗುತ್ತಾರೆ. ನಿಮ್ಮ ಬಡಾವಣೆಯಲ್ಲಿ ಐವತ್ತು ಅರವತ್ತು ವರ್ಷ ಹಳೆಯ ಸರ್ಕಾರಿ ಶಾಲೆಯಿದ್ದರೆ ಮುಖ್ಯೋಪಾಧ್ಯಾಯರ ಅನುಮತಿ ಕೇಳಿ ಹಳೆಯ ದಾಖಲಾತಿ ವಹಿಯನ್ನು ನೋಡಿ. ಜನನ ನೋಂದಣಿ ಕಾಯಿದೆ ದೇಶಕ್ಕೆಲ್ಲ ಒಂದಾಗಿ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು, ಆಮೇಲೂ ಬಹುಕಾಲ, ಮಗುವಿನ ಬಲಗೈ ತಲೆಯ ಮೇಲಿಂದ ಎಡಗಿವಿ ಮುಟ್ಟಿದರೆ ಸೇರಿಸಿಕೊಂಡು, ಪ್ರವೇಶಕ್ಕೆ ಹೊಂದುವಂಥ ಒಂದು ತಾರೀಖನ್ನು ಮೇಷ್ಟರೇ ಬರೆದುಬಿಡುತ್ತಿದ್ದರು. ಒಂದೇ ತಂದೆಯ ಇಬ್ಬರು ಮಕ್ಕಳು ಒಂದೇ ದಿನ ಸೇರಿ, ಹುಟ್ಟಿದ ತಾರೀಖುಗಳ ನಡುವೆ ಆರು ತಿಂಗಳಷ್ಟೇ ಅಂತರವಿದ್ದರೆ ಬೆಚ್ಚಬೇಡಿ. ಒಬ್ಬೊಬ್ಬರೇ ಬರಲೊಪ್ಪದ ಅಕ್ಕ ತಮ್ಮಂದಿರನ್ನು ಒಟ್ಟಿಗೇ ಸೇರಿಸಿಕೊಂಡ ಒಬ್ಬ ದಯಾಳು ಮೇಷ್ಟರ ಕೈಬರಹವಿರಬಹುದು ಅದು.

ಅದೇ ಸಾಲಿನಲ್ಲಿ ಬಲಕ್ಕೆ ಸರಿದರೆ ಶಾಲೆ ಬಿಟ್ಟ ತಾರೀಖಿನ ಕಾಲಮ್ಮು, ಅದರ ಪಕ್ಕದಲ್ಲಿ ಕಾರಣ. ಹುಡುಗಿಯರ ಹೆಸರಿನ ಮುಂದೆ ಏನು ಬರೆದಿದೆ, ಎಷ್ಟನೆಯ ತರಗತಿಯಲ್ಲಿ ಬರೆದಿದೆ, ಗುರುತುಹಾಕಿಕೊಳ್ಳಿ. ಆಮೇಲೆ ಮನೆಗೆ ಬಂದು ನಿಮ್ಮ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ: ನೀವು ಶಾಲೆ ಬಿಟ್ಟಾಗ ಮನೆಯಲ್ಲಿ ಎಷ್ಟು ಚಿಕ್ಕ ಮಕ್ಕಳಿದ್ದರು, ಯಾರನ್ನು ಎತ್ತಿಕೊಂಡು ತಿರುಗುತ್ತಿದ್ದಿರಿ? ಹೆಚ್ಚಿನವರಿಗೆ ಆ ಕೂಸಿನ ಹೆಸರು ಥಟ್ಟನೆ ನೆನಪಾಗುತ್ತದೆ. ಎಷ್ಟೋ ಸಲ ಅದು ನಿಮ್ಮ ಮನೆಯ ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ, ಡಿಗ್ರಿ ಓದಿದ ಚಿಕ್ಕಜ್ಜನ ಹೆಸರಾಗಿರುತ್ತದೆ.